ಸಿ-ಪ್ಯಾಪ್ ಯಂತ್ರ: ಹೊಸ ಬಳಕೆದಾರರಿಗೆ ಹಾಗೂ ವೆಚ್ಚ ಮರುಪಾವತಿ ಕೋರುವವರಿಗೆ ಮಾಹಿತಿ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುವುದರಿಂದ ಉಸಿರಾಟವು ಪದೇ ಪದೇ ನಿಲ್ಲುವ ಕಾಯಿಲೆಯನ್ನು ಸ್ಲೀಪ್ ಆಪ್ನಿಯಾ ಎಂದು ಕರೆಯಲಾಗುತ್ತದೆ. ಉಸಿರಾಟವು ಕನಿಷ್ಠ 10 ಸೆಕೆಂಡುಗಳ ಕಾಲ ನಿಂತಲ್ಲಿ ಅಥವಾ ಗಣನೀಯವಾಗಿ ಕುಗ್ಗಿದಲ್ಲಿ ಅದನ್ನು ಒಂದು ಬಾರಿ ಎಂದು ಎಣಿಸಲಾಗುತ್ತದೆ. ವಯಸ್ಕರಲ್ಲಿ ಗಂಟೆಗೆ 5ರಿಂದ 15 ಬಾರಿ ಹೀಗಾದರೆ ಸೌಮ್ಯ, 15ರಿಂದ 30 ಬಾರಿಯಾದರೆ ಮಧ್ಯಮ, 30ಕ್ಕೂ ಮೀರಿದರೆ ತೀವ್ರ ಎಂದು ವರ್ಗೀಕರಿಸಲಾಗಿದೆ.

ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸುಲಿವಾನ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿನ ಸಿ-ಪ್ಯಾಪ್ ಚಿಕಿತ್ಸೆಗೆ ಆಧಾರ. ಯಂತ್ರವು ಕೋಣೆಯ ಗಾಳಿಯನ್ನೇ ಶೋಧಿಸಿ, ಕೊಳವೆ ಮತ್ತು ಮಾಸ್ಕ್ ಮೂಲಕ ಒತ್ತಡದಿಂದ ಕಳುಹಿಸಿ ಶ್ವಾಸಮಾರ್ಗವು ಮುಚ್ಚದಂತೆ ತಡೆಯುತ್ತದೆ. ಇದು ಆಮ್ಲಜನಕ ನೀಡುವ ಯಂತ್ರವೆಂಬ ತಿಳಿವಳಿಕೆ ತಪ್ಪು. ಕಾಯಿಲೆಯನ್ನು ಇದು ಗುಣಪಡಿಸುವುದಿಲ್ಲ. ಧರಿಸಿದಷ್ಟು ಹೊತ್ತು ಮಾತ್ರ ಪ್ರಯೋಜನ. ಆದ್ದರಿಂದ ಹಗಲಿನ ಕಿರುನಿದ್ರೆಗೂ ಮಾಸ್ಕ್ ಧರಿಸತಕ್ಕದ್ದು.

ಮೊದಲ ವಾರಗಳು

ಯಂತ್ರವನ್ನು ಖರೀದಿಸಿದ ಅನೇಕರು ಕೆಲವೇ ರಾತ್ರಿಗಳ ನಂತರ ಅದನ್ನು ಬೀರುವಿನಲ್ಲಿಡುವುದುಂಟು. ಚಿಕಿತ್ಸೆ ಕೈಬಿಡುವ ಈ ನಿರ್ಧಾರಕ್ಕೆ ಕಾರಣವಾಗುವ ತೊಂದರೆಗಳಲ್ಲಿ ಬಹುಪಾಲು ಸರಿಪಡಿಸಬಹುದಾದವು. ಮಾಸ್ಕ್ ಧರಿಸಿದೊಡನೆ ಉಸಿರುಗಟ್ಟಿದಂತಾಗುವವರು ಮೊದಲಿಗೆ ಹಗಲು ಹೊತ್ತಿನಲ್ಲಿ, ಎಚ್ಚರವಿರುವಾಗಲೇ, ಪತ್ರಿಕೆ ಓದುತ್ತಲೋ ದೂರದರ್ಶನ ನೋಡುತ್ತಲೋ ಅರ್ಧ ಗಂಟೆ ಧರಿಸಿ ರೂಢಿ ಮಾಡಿಕೊಳ್ಳುವುದು ಸೂಕ್ತ. ಕಡಿಮೆ ಒತ್ತಡದಲ್ಲಿ ಆರಂಭವಾಗಿ ಕ್ರಮೇಣ ಏರುವ ‘ರ‍್ಯಾಂಪ್’ ಸೌಲಭ್ಯ ಬಹುತೇಕ ಯಂತ್ರಗಳಲ್ಲಿದೆ, ಅದನ್ನು ಬಳಸಿಕೊಳ್ಳಬಹುದು. ಆದರೆ ವೈದ್ಯರು ನಿಗದಿಪಡಿಸಿದ ಚಿಕಿತ್ಸಾ ಒತ್ತಡವನ್ನು ಸ್ವತಃ ಬದಲಾಯಿಸಕೂಡದು.

ಶೇ. 70ರಷ್ಟು ರಾತ್ರಿಗಳಲ್ಲಿ ತಲಾ 4 ಗಂಟೆಯ ಬಳಕೆಯನ್ನು ಕನಿಷ್ಠ ಅಳತೆಯೆಂದು ಪರಿಗಣಿಸುವ ಪದ್ಧತಿಯಿದೆ. ಇದು ಕನಿಷ್ಠವೇ ಹೊರತು ಗುರಿಯಲ್ಲ. ಬಳಕೆಯ ಗಂಟೆಗಳು ಯಂತ್ರದಲ್ಲಿಯೇ ದಾಖಲಾಗುತ್ತವೆ. ಮರುಭೇಟಿಯ ಸಮಯದಲ್ಲಿ ವೈದ್ಯರು ಈ ದಾಖಲೆಯನ್ನು ನೋಡುತ್ತಾರೆ.

ಮಾಸ್ಕ್ ಆಯ್ಕೆ

ಹೊಸಬರ ದೂರುಗಳಲ್ಲಿ ಹೆಚ್ಚಿನವು ಯಂತ್ರದ್ದಲ್ಲ, ಮಾಸ್ಕಿನದು. ಮೂಗಿನ ಹೊಳ್ಳೆಗಳಿಗೆ ತಾಗುವಂಥದ್ದು, ಮೂಗನ್ನು ಮುಚ್ಚುವಂಥದ್ದು, ಮೂಗು-ಬಾಯಿ ಎರಡನ್ನೂ ಮುಚ್ಚುವಂಥದ್ದು ಎಂದು ಮುಖ್ಯವಾಗಿ ಮೂರು ವಿಧಗಳಿವೆ. ಅಂಗಡಿಯಲ್ಲಿ ಕುಳಿತು ಮಾಸ್ಕ್ ಪರೀಕ್ಷಿಸಿದರೆ ಸಾಲದು. ಯಂತ್ರವನ್ನು ಚಾಲನೆಯಲ್ಲಿಟ್ಟು, ಮಲಗಿ, ಮಗ್ಗುಲು ಬದಲಿಸಿ ನೋಡತಕ್ಕದ್ದು, ಏಕೆಂದರೆ ಮಲಗಿದಾಗ ಮುಖದ ಆಕಾರ ತುಸು ಬದಲಾಗುತ್ತದೆ. ಗಾಳಿ ಸೋರಿದಾಗ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುವುದು ಸಾಮಾನ್ಯ ಅಭ್ಯಾಸ. ಇದರಿಂದ ಮೂಗಿನ ಮೇಲೆ ಹುಣ್ಣಾಗುವುದಲ್ಲದೆ ಸೋರಿಕೆಯೂ ಹೆಚ್ಚಬಹುದು. ಪಟ್ಟಿಯನ್ನು ಸಡಿಲಿಸಿ, ಮೆತ್ತೆಯನ್ನು ಮುಖದಿಂದ ಎತ್ತಿ ಮತ್ತೆ ಕೂರಿಸಿದರೆ ಹಲವು ಬಾರಿ ಸರಿಹೋಗುತ್ತದೆ. ಮುಖದ ಎಣ್ಣೆಯ ಅಂಶವೂ ದಟ್ಟವಾದ ಗಡ್ಡವೂ ಸೋರಿಕೆಗೆ ಕಾರಣ. ಹಲ್ಲಿನ ಸೆಟ್ ತೆಗೆದಿಟ್ಟು ಮಲಗುವವರು, ಅದನ್ನು ತೆಗೆದ ನಂತರವೇ ಮಾಸ್ಕಿನ ಅಳತೆ ನೋಡಬೇಕು.

ಬೆಳಿಗ್ಗೆ ಬಾಯಿ ಒಣಗಿರುವುದು ಬಾಯಿಯ ಮೂಲಕ ಗಾಳಿ ಹೊರಹೋಗುತ್ತಿರುವುದರ ಸೂಚನೆಯಿರಬಹುದು. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಪಡೆಯತಕ್ಕದ್ದು. ಹೊಟ್ಟೆಯುಬ್ಬರ, ತೇಗು ಕಂಡುಬಂದರೆ ಗಾಳಿ ನುಂಗುತ್ತಿರುವ ಸಾಧ್ಯತೆಯಿದ್ದು, ವೈದ್ಯರಿಗೆ ತಿಳಿಸುವುದು. ಕೆಲವು ಮಾಸ್ಕ್‌ಗಳ ಕೊಂಡಿಗಳಲ್ಲಿ ಅಯಸ್ಕಾಂತವಿರುತ್ತದೆ. ಪೇಸ್‌ಮೇಕರ್ ಮೊದಲಾದ ಸಾಧನ ಅಳವಡಿಸಿಕೊಂಡವರು, ಅವರ ಪಕ್ಕದಲ್ಲಿ ಮಲಗುವವರಿಗೆ ಅಂತಹ ಸಾಧನವಿದ್ದರೂ ಸಹ, ಅಯಸ್ಕಾಂತರಹಿತ ಮಾಸ್ಕನ್ನು ಕೇಳಿ ಪಡೆಯುವುದು.

ನೀರು ಮತ್ತು ವಿದ್ಯುತ್

ಗಾಳಿಗೆ ತೇವಾಂಶ ನೀಡುವ ತೊಟ್ಟಿಗೆ ಭಟ್ಟಿ ಇಳಿಸಿದ ನೀರನ್ನೇ ಬಳಸುವುದು. ಕೊಳವೆಬಾವಿಯ ಗಡಸು ನೀರು ಬಳಸಿದರೆ ತೊಟ್ಟಿಯಲ್ಲಿ ಬಿಳಿ ಲವಣ ಕಟ್ಟುತ್ತದೆ. ಉಳಿದ ನೀರನ್ನು ಪ್ರತಿದಿನ ಬೆಳಿಗ್ಗೆ ಚೆಲ್ಲಿ ತೊಟ್ಟಿಯನ್ನು ಒಣಗಿಸಬೇಕು. ಮಾಸ್ಕಿನ ಮೆತ್ತೆಯನ್ನು ಸೌಮ್ಯ ಸಾಬೂನಿನಿಂದ ಪ್ರತಿದಿನ ತೊಳೆಯುವುದು. ಕೊಳವೆಗೆ ವಾರಕ್ಕೊಮ್ಮೆ ಸಾಕು. ಚಳಿಗಾಲದಲ್ಲಿ ಕೊಳವೆಯೊಳಗೆ ನೀರು ಹನಿಗಟ್ಟಿದರೆ ತೇವಾಂಶದ ಮಟ್ಟವನ್ನು ತಗ್ಗಿಸಿ, ಕೊಳವೆಯನ್ನು ಹೊದಿಕೆಯೊಳಗಿಟ್ಟುಕೊಳ್ಳಬಹುದು. ಯಂತ್ರವನ್ನು ಹಾಸಿಗೆಗಿಂತ ಕೆಳಮಟ್ಟದಲ್ಲಿಡುವುದು ಒಳಿತು. ಇನ್ವರ್ಟರ್ ಅಥವಾ ಬ್ಯಾಟರಿಯಿಂದ ಯಂತ್ರ ನಡೆಸುವಾಗ ತೇವಾಂಶದ ಹೀಟರನ್ನು ನಿಲ್ಲಿಸಿದರೆ ಹೆಚ್ಚು ಹೊತ್ತು ನಡೆಯುತ್ತದೆ, ಏಕೆಂದರೆ ವಿದ್ಯುತ್ತಿನ ಬಹುಭಾಗ ಹೀಟರಿಗೇ ವ್ಯಯವಾಗುತ್ತದೆ.

ಖರೀದಿ ಮತ್ತು ದಾಖಲೆಗಳು

ವೆಚ್ಚ ಮರುಪಾವತಿ ಕೋರುವ ಅರ್ಜಿದಾರರು ಖರೀದಿಗೆ ಮುನ್ನವೇ ತಮಗೆ ಅನ್ವಯವಾಗುವ ನಿಯಮಗಳನ್ನು ಸಂಬಂಧಪಟ್ಟ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಕೇಂದ್ರ ಸರ್ಕಾರದ ಸಿ.ಜಿ.ಎಚ್.ಎಸ್. ಫಲಾನುಭವಿಗಳಿಗೆ ಈ ಯಂತ್ರದ ವೆಚ್ಚವು ಪೂರ್ವಾನುಮತಿಯ ಮೇರೆಗೆ, ನಿಗದಿತ ಮಿತಿಯೊಳಗೆ ದೊರೆಯುತ್ತದೆ. ನಿದ್ರಾ ಪರೀಕ್ಷೆಯ ವರದಿ, ಒತ್ತಡವನ್ನು ನಮೂದಿಸಿರುವ ತಜ್ಞರ ಸಲಹಾ ಚೀಟಿ, ಯಂತ್ರದ ಕ್ರಮಸಂಖ್ಯೆಯುಳ್ಳ ತೆರಿಗೆ ಬಿಲ್ಲು ಹಾಗೂ ಖಾತರಿ ಪತ್ರ, ಇವುಗಳ ಮೂಲಪ್ರತಿಗಳನ್ನು ಜೋಪಾನವಾಗಿಡಬೇಕು. ಮಾಸ್ಕ್ ಮತ್ತು ಯಂತ್ರದ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಸೂಕ್ತ.

ಸಾಧ್ಯವಾದಲ್ಲಿ ಮೊದಲು ಬಾಡಿಗೆಗೆ ಪಡೆದು ನೋಡಬಹುದು. ಬಳಸಿದ ಯಂತ್ರ ಕೊಳ್ಳುವವರು ಎಚ್ಚರ ವಹಿಸಬೇಕು: ಶಬ್ದ ತಗ್ಗಿಸುವ ಫೋಮ್ ಶಿಥಿಲಗೊಳ್ಳುವ ಕಾರಣದಿಂದ ಫಿಲಿಪ್ಸ್ ಸಂಸ್ಥೆಯು 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತ್ತು. ಮಾದರಿ ಮತ್ತು ಕ್ರಮಸಂಖ್ಯೆಯನ್ನು ತಾಳೆ ನೋಡದೆ ಹಣ ಪಾವತಿಸಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ನಿಯಮಿತವಾಗಿ ಬಳಸಿದರೂ ಹಗಲಿನ ತೂಕಡಿಕೆ ಮುಂದುವರಿದರೆ, ಗೊರಕೆ ಮರಳಿ ಬಂದರೆ, ಅಥವಾ ದೇಹದ ತೂಕದಲ್ಲಿ ಹೆಚ್ಚಿನ ಏರಿಳಿತವಾದರೆ ಒತ್ತಡದ ಮರುಪರಿಶೀಲನೆ ಅಗತ್ಯ. ತೂಕಡಿಕೆ ಇರುವಷ್ಟು ಕಾಲ ವಾಹನ ಚಾಲನೆ ಮಾಡಕೂಡದು. ಬಸ್ಸು, ಲಾರಿ ಚಾಲಕರಿಗೆ ಇದು ಜೀವನೋಪಾಯದ ಪ್ರಶ್ನೆಯಾದ್ದರಿಂದ ಅವರು ಮರುಭೇಟಿಯನ್ನು ಮುಂದೂಡದಿರುವುದು ಲೇಸು. ಮದ್ಯಪಾನ ಮತ್ತು ವೈದ್ಯರ ಸಲಹೆಯಿಲ್ಲದ ನಿದ್ರೆಮಾತ್ರೆಗಳು ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಯಾವುದೇ ಶಸ್ತ್ರಚಿಕಿತ್ಸೆಗೆ ದಾಖಲಾಗುವವರು ತಮಗೆ ಸ್ಲೀಪ್ ಆಪ್ನಿಯಾ ಇರುವುದನ್ನು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಿ, ಯಂತ್ರ ಮತ್ತು ಮಾಸ್ಕನ್ನು ಆಸ್ಪತ್ರೆಗೆ ಜೊತೆಯಲ್ಲಿ ಕೊಂಡೊಯ್ಯತಕ್ಕದ್ದು.