ಇಲಿ, ಹೆಗ್ಗಣ ಮತ್ತು ಉಣ್ಣಿ ಜ್ವರ: ಸಾರ್ವಜನಿಕರಿಗೆ ಮಾಹಿತಿ

ಉಣ್ಣಿ (ಉಣುಗು) ಕಡಿತದಿಂದ ಬರುವ ರೋಗಗಳೆಲ್ಲವೂ ಒಂದೇ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ವೈರಾಣು ಕಾರಣ. ಅದಕ್ಕೆ ನಿರ್ದಿಷ್ಟ ಔಷಧಿ ಇರುವುದಿಲ್ಲ. ಉಣ್ಣಿ ಟೈಫಸ್ ಜ್ವರಕ್ಕೆ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಕಾರಣ. ಸಕಾಲದಲ್ಲಿ ಚಿಕಿತ್ಸೆ ದೊರೆತಲ್ಲಿ ಇದು ಗುಣವಾಗುತ್ತದೆ.

ಹರಡುವ ವಿಧಾನ
ಹಲವು ಜಾತಿಯ ಉಣ್ಣಿಗಳ ಮರಿಗಳು ಹೊಲದ ಇಲಿ, ಹೆಗ್ಗಣ, ಮೊಲ ಮುಂತಾದ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ. ಬೆಳೆದ ಉಣ್ಣಿಗಳು ನಾಯಿ, ಜಾನುವಾರುಗಳ ಮೂಲಕ ಮನೆಯಂಗಳ ಸೇರುತ್ತವೆ. ಸೋಂಕು ಉಣ್ಣಿಯ ಮೊಟ್ಟೆಗಳ ಮೂಲಕವೂ ಮುಂದುವರಿಯುವುದರಿಂದ, ಇಲಿಗಳನ್ನು ಕೊಂದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ.

ಲಕ್ಷಣಗಳು
ತೀವ್ರ ಜ್ವರ, ತಲೆನೋವು, ಮೈಕೈ ನೋವು. ಕೆಲವು ದಿನಗಳಲ್ಲಿ ಅಂಗೈ, ಅಂಗಾಲು ಸಹಿತ ಕೆಂಪು ಗುಳ್ಳೆಗಳು. ಕೆಲವರಲ್ಲಿ ಕಡಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಾಣುತ್ತದೆ. ಡೆಂಗೀ ಅಥವಾ ದಡಾರವೆಂದು ತಪ್ಪು ತಿಳಿಯುವ ಸಂಭವವಿದೆ.

ಚಿಕಿತ್ಸೆ
ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ನೀಡಲಾಗುತ್ತದೆ. ಸಂಶಯವಿದ್ದಲ್ಲಿ ರಕ್ತಪರೀಕ್ಷೆಯ ವರದಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸುವುದು ಅಗತ್ಯ. ವಿಳಂಬವಾದಲ್ಲಿ ಮೂತ್ರಪಿಂಡ, ಶ್ವಾಸಕೋಶ, ಮೆದುಳಿಗೆ ಹಾನಿಯಾಗಿ ಪ್ರಾಣಾಪಾಯ ಸಂಭವಿಸಬಹುದು.

ಮುನ್ನೆಚ್ಚರಿಕೆ
1. ಹೊಲ, ಕುರಿಹಟ್ಟಿಗಳಿಂದ ಬಂದ ನಂತರ ಮೈ, ಬಟ್ಟೆ ಪರೀಕ್ಷಿಸಿ ಸ್ನಾನ ಮಾಡುವುದು.
2. ಕಚ್ಚಿಕೊಂಡ ಉಣ್ಣಿಯನ್ನು ಹಿಸುಕದೆ, ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯುವುದು.
3. ಧಾನ್ಯವನ್ನು ಮುಚ್ಚಿಡುವುದು, ಮನೆಯ ಸುತ್ತ ಪೊದೆ, ಕಸ ತೆಗೆಯುವುದು.
4. ನಾಯಿ, ಜಾನುವಾರುಗಳ ಉಣ್ಣಿ ನಿವಾರಣೆಗೆ ಪಶುವೈದ್ಯರನ್ನು ಸಂಪರ್ಕಿಸುವುದು.

ಕೊಂಕಲ್ ಸೇರಿದಂತೆ ಯಾದಗಿರಿ, ಶಹಾಪುರ, ಸುರಪುರ ಭಾಗದ ರೈತರು ಹಾಗೂ ಕುರಿಗಾಹಿಗಳು ಜ್ವರ ಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಉಣ್ಣಿ ಕಡಿದಿರುವ ವಿಷಯವನ್ನು ತಪ್ಪದೇ ತಿಳಿಸತಕ್ಕದ್ದು.