ಚಿಂಚಲಿ ಹಾದಿಯ ಕೊಲ್ಲಾರಿ ಬಂಡಿ

ನಮ್ಮ ಮನೆಯ ಹಿತ್ತಲಾಗ ಒಂದು ಕೊಲ್ಲಾರಿ ಬಂಡಿ ಅದ. ಮ್ಯಾಲಿನ ಸವಾರಿ ಹರದು ಹೋಗಿ ನಲವತ್ತು ವರ್ಷ ಆಗಿರಬೇಕು. ಗಾಲಿ ಎರಡೂ ಇನ್ನೂ ನೆಟ್ಟಗ ಅದಾವ. ಹೋದ ವರ್ಷ ಹೆದ್ದಾರಿ ಮ್ಯಾಲಿನ ಒಂದು ಧಾಬಾದವರು ಬಂದು, ಬಾಗಲದಾಗ ಶೋಭಾಕ್ಕ ನಿಲ್ಲಸತೀವಿ, ಕೊಡ್ರಿ ಅಂತ ಕೇಳಿದರು. ಆ ಮಾತು ವಾಚನಾಲಯದ ಕಟ್ಟಿ ಮ್ಯಾಲೆ ಬಂದಾಗ ನಮ್ಮ ಗುರುಗಳು, "ಮಾರೂದಿದ್ದರ ಮಾರ್ರಿ ಕಾಕಾ, ಆದರ ಮೊದಲು ಅದರ ಇತಿಹಾಸ ಬರದು ಕೊಡ್ರಿ" ಅಂದರು. ನಾನು ಕಲಿತದ್ದು ಏಳನೇ ಇಯತ್ತೆ. ಹಾಡಿಕಿ ಮಂದಿ ನಾವು, ಬರದದ್ದಕ್ಕಿಂತ ಹಾಡಿದ್ದೇ ಹೆಚ್ಚು. ತಪ್ಪಿದ್ದರ ಓದುವವರು ಸುಧಾರಿಸಿಕೊಳ್ಳಬೇಕು.

ಈಗಿನ ಹುಡುಗರಿಗೆ ಪ್ರವಾಸ ಅಂದರ ಟೆಂಪೋ ಮಾಡಿಕೊಂಡು ಮುಂಜಾನೆ ಹೋಗಿ ಸಂಜಿಗೆ ಬರೂದು. ನಮ್ಮ ಜತ್ತ ತಾಲೂಕಿನ ಒಕ್ಕಲಿಗರಿಗೆ ಮೊದಲು ವರ್ಷಕ್ಕ ಒಂದೇ ಪ್ರವಾಸ. ಭಾರತ ಹುಣ್ಣಿವಿಗೆ ಚಿಂಚಲಿ ಮಾಯವ್ವನ ಜಾತ್ರಿ. ಹಿಂಗಾರಿ ಜ್ವಾಳ ಕೊಯ್ಲಿಗೆ ಬರೂ ಹೊತ್ತು, ಚಳಿ ಇಳಿಯೂ ಹೊತ್ತು. ಗುಡ್ಡಾಪುರ ದಾನಮ್ಮನ ಜಾತ್ರಿ ನಮಗ ಹತ್ತಿರ, ಅದಕ್ಕ ನಡಕೋತ ಹೋಗತಿದ್ದರು. ಚಿಂಚಲಿ ಹಾಂಗಲ್ಲ. ಅಥಣಿ ದಾಟಬೇಕು, ಕೃಷ್ಣಾ ಹೊಳಿ ದಾಟಬೇಕು, ಆಮ್ಯಾಲೆ ರಾಯಬಾಗ ತಾಲೂಕು. ಹೋಗಾಕ ಮೂರು ದಿನ, ಬರಾಕ ಮೂರು ದಿನ, ಅಲ್ಲಿ ಎರಡು ದಿನ. ಎಂಟು ದಿನದ ಸಂಸಾರ ಪೂರಾ ಬಂಡಿಯಾಗ.

ಕೊಲ್ಲಾರಿ ಬಂಡಿ ಅಂದರ ಹೇರು ಹೊರೂ ಚಕ್ಕಡಿ ಅಲ್ಲ. ಇದು ಹಗುರ, ಮಂದಿ ಕೂಡಾಕ ಮಾಡಿದ್ದು. ಬಿದಿರ ಬೆತ್ತ ಬಾಗಿಸಿ, ಮ್ಯಾಲೆ ಚಾಪಿ, ಅದರ ಮ್ಯಾಲೆ ತಟ್ಟು ಹೊಲಿದು ಸವಾರಿ ಕಟ್ಟತಿದ್ದರು. ಕೆಳಗ ಹುಲ್ಲು ಹಾಸಿ, ಹುಲ್ಲಿನ ಮ್ಯಾಲೆ ಕೌದಿ. ಗಾಲಿಯದೇ ದೊಡ್ಡ ಕೆಲಸ. ನಮ್ಮ ಬಂಡಿಯ ಒಂದೊಂದು ಗಾಲಿಗೆ 12 ಅರ, ಎಲ್ಲಾ ಜಾಲಿ ಕಟ್ಟಿಗಿ. ಬಡಿಗೇರ ಗಾಲಿ ಕೂಡಿಸಿ ಕೊಟ್ಟ ಮ್ಯಾಲೆ ಕಮ್ಮಾರ ಅದಕ್ಕ ಕಬ್ಬಿಣದ ಹಳಿ ಹಾಕತಿದ್ದ. ಹಳಿ ಗಾಲಿಗಿಂತ ಸ್ವಲ್ಪ ಸಣ್ಣದೇ ಇರಬೇಕು. ಕುಳ್ಳು ಒಟ್ಟಿ ಬೆಂಕಿ ಹಚ್ಚಿ ಹಳಿ ಕೆಂಪಗ ಆಗೂತನ ಕಾಸಿ, ಅದು ಹಿಗ್ಗಿದಾಗ ನಾಲ್ಕು ಮಂದಿ ಚಿಮಟಿಗೆಯಿಂದ ಹಿಡದು ಗಾಲಿಗೆ ಕೂಡಿಸಿ, ತಕ್ಷಣ ನೀರು ಸುರವಬೇಕು. ತಣ್ಣಗಾದಂಗ ಹಳಿ ಕುಗ್ಗಿ ಅರಗಳನ್ನ ಒಳಗ ಒತ್ತಿ ಹಿಡಿತದ. ಒಂದು ಮೊಳೆ ಇಲ್ಲದ ಗಟ್ಟಿ. ಆ ಹೊಗಿ, ಆ ಚುಂಯ್ ಅನ್ನೂ ಸಪ್ಪಳ ನೋಡಾಕ ನಾವು ಹುಡುಗರು ಸಾಲಿ ಬಿಟ್ಟು ಓಡತಿದ್ದಿವಿ.

ಎತ್ತು ನಮ್ಮ ಕಡೆ ಖಿಲ್ಲಾರಿ. ಜತ್ತ, ಆಟಪಾಡಿ ಕಡೆಯ ತಳಿ, ಬಿಳಿ ಮೈ, ಹಿಂದಕ್ಕ ಬಾಗಿದ ಉದ್ದ ಕೋಡು. ಹೇರು ಎಳಿಯೂದರಾಗ ಬ್ಯಾರೆ ತಳಿ ಗಟ್ಟಿ ಇರಬಹುದು, ಓಟಕ್ಕ ಇದೇ. ತಾಸಿಗೆ ಒಂದು ಹರದಾರಿ, ಅಂದರ ಸುಮಾರು 3 ಮೈಲು, ಬ್ಯಾಸರಿಲ್ಲದ ಹೋಗತಿದ್ದವು. ಕೊಳ್ಳಾಗ ಗೆಜ್ಜಿ ಸರ, ಬೆನ್ನ ಮ್ಯಾಲೆ ಝೂಲಾ, ಕೋಡಿಗೆ ಕೋಡಣಸು. ಮನಿ ಹೆಣ್ಣಮಕ್ಕಳಿಗೆ ಹೊಸಾ ಸೀರಿ ಇಲ್ಲದ ವರ್ಷ ಸೈತ ಎತ್ತಿಗೆ ಹೊಸಾ ಝೂಲಾ ಇರತಿತ್ತು. ಇದು ಹೆಮ್ಮಿ ಪಡೂ ಮಾತಲ್ಲ, ಇದ್ದದ್ದು ಹೇಳತೀನಿ.

ನಾನು ಮೊದಲ ಸಲ ಹೋದಾಗ ನಮ್ಮೂರಿಂದ ಹದಿನಾಲ್ಕು ಬಂಡಿ ಹೊಂಟಿದ್ದವು. ಕೋಳಿ ಕೂಗೂ ಹೊತ್ತಿಗೆ ಹೂಡೂದು, ಬಿಸಲೇರಿದ ಮ್ಯಾಲೆ ಹಳ್ಳದ ದಂಡಿಗೆ ಕೊಳ್ಳ ಹರಿಯೂದು, ಇಳಿಹೊತ್ತಿಗೆ ಮತ್ತ ಹೂಡಿ ದೀಪ ಹಚ್ಚೂತನ ಸಾಗೂದು. ಬುತ್ತಿ ಅಂದರ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಗಡಿಗ್ಯಾಗ ಮೊಸರು. ರಾತ್ರಿ ವಸ್ತಿ ಮಾಡೂ ಕಡೆ ಬಂಡಿ ಎಲ್ಲಾ ದುಂಡಗ ಬಿಡತಿದ್ದರು, ನೊಗ ಒಳಗ, ಹಿಂಭಾಗ ಹೊರಗ. ನಡಕ ಎತ್ತು, ಒಲಿ, ಮಕ್ಕಳು. ಕಳ್ಳರ ಅಂಜಿಕಿ ಇದ್ದ ಕಾಲದ ಪದ್ಧತಿ ಅದು. ಊಟ ಆದ ಮ್ಯಾಲೆ ಅದೇ ನಮಗ ಬಯಲಾಟದ ಅಟ್ಟ ಆಗತಿತ್ತು. ಡೊಳ್ಳಿನ ಪದ ಸುರು ಆದರ ಇನ್ನೊಂದು ಊರ ಬಂಡಿಯವರು ಬಂದು ಸವಾಲ್ ಹಾಕತಿದ್ದರು, ನಮ್ಮವರು ಜವಾಬ್ ಕೊಡಬೇಕು. ಹರದೇಶಿ, ನಾಗೇಶಿ ಎರಡೂ ನಾನು ಕಲಿತದ್ದು ಯಾವ ಗುರುವಿನ ಮನಿಯಾಗೂ ಅಲ್ಲ, ಬಂಡಿ ಕೆಳಗ ಕೌದಿ ಹೊತ್ತು ಮಲಗಿದಂಗ ಮಾಡಿ ಕೇಳಿ ಕಲಿತದ್ದು.

ನಮ್ಮ ಗುರುಗಳು ಒಂದು ಇಂಗ್ಲಿಷ್ ಪುಸ್ತಕದಾಗ ಬೆಳ್ಳಿ ತತ್ತಿ ಹಾಂಗ ಹೊಳಿಯೂ ಒಂದು ಗಾಡಿ ತೋರಿಸಿದರು. ಅಮೆರಿಕಾದಾಗ ವಾಲಿ ಬಾಯಮ್ ಅನ್ನೂ ಮನುಷ್ಯಾ 1930ರ ದಶಕದಾಗ ಏರ್‌ಸ್ಟ್ರೀಮ್ ಅಂತ ಅಲ್ಯುಮಿನಿಯಂ ಮನಿಗಾಡಿ ಮಾಡಿ, ಮೋಟಾರ ಹಿಂದ ಕಟ್ಟಿಕೊಂಡು ಊರೂರು ತಿರಗೂದು ಮಂದಿಗೆ ಕಲಿಸಿದನಂತ. 1959ರಾಗ ಅಂಥಾ ಗಾಡಿಗಳ ಸಾಲು ಕಟ್ಟಿಕೊಂಡು ಆಫ್ರಿಕಾದ ಕೇಪ್ ಟೌನ್‌ದಿಂದ ಕೈರೋತನ ಹೋದರಂತ. ಹಳೇ ಗಾಡಿ ಈಗ ಅಲ್ಲಿ ಭಾಳ ಬೆಲಿಗೆ ಹೋಗತಾವ, ಮಂದಿ ಹುಡುಕಿ ತಂದು ರಿಪೇರಿ ಮಾಡಿ ರಜಾಕ್ಕ ಹೊಂಡತಾರ. ನನಗ ಚಂದ ಅನ್ನಿಸಿದ್ದು ಬ್ಯಾರೆ. ಅವರೂ ರಾತ್ರಿ ಗಾಡಿಗಳನ್ನ ಗಾಲಿಯ ಅರದಂಗ ದುಂಡಗ ನಿಲ್ಲಸತಿದ್ದರಂತ. ಯಾರು ಯಾರಿಂದ ಕಲಿತದ್ದೂ ಅಲ್ಲ ಇದು.

ಈಗ ಗಡಿಯ ಮಾತಿಗೆ ಬರತೀನಿ. ನಮ್ಮ ಅಜ್ಜನ ಕಾಲಕ್ಕ ಜತ್ತ ಅಂದರ ಡಫಳೆಯವರ ಸಂಸ್ಥಾನ. 1948ರಾಗ ಅದು ಮುಂಬಯಿ ಪ್ರಾಂತಕ್ಕ ಸೇರಿತು. ಅಥಣಿ, ಚಿಂಚಲಿ ಬೆಳಗಾವಿ ಜಿಲ್ಹಾದಾಗ ಇದ್ದವು, ಬೆಳಗಾವಿಯೂ ಮುಂಬಯಿದೇ. 1956ರ ನವೆಂಬರ್ 1ಕ್ಕ ಬೆಳಗಾವಿ ಜಿಲ್ಹಾ ಮೈಸೂರು ರಾಜ್ಯಕ್ಕ ಹೋತು, ನಾವು ಮುಂಬಯಿದಾಗೇ ಉಳದಿವಿ. 1960ರಾಗ ಮಹಾರಾಷ್ಟ್ರ ಆತು. ಬಂಡಿ ಹಾದಿ ಮಾತ್ರ ಅದೇ. ನಮ್ಮವ್ವನ ತವರುಮನಿ ಅಥಣಿ ತಾಲೂಕಿನಾಗ. ಲಗ್ನ ಆಗಿ ಬಂದಾಗ ಒಂದೇ ಸರಕಾರ, ಎರಡು ವರ್ಷದಾಗ ಆಕಿ ತವರು ಬ್ಯಾರೆ ರಾಜ್ಯ. ಹಾದಿ ಕಲ್ಲಿನ ಮ್ಯಾಲಿನ ಅಕ್ಷರ ಅರ್ಧ ದಾರಿತನ ಮರಾಠಿ, ಮುಂದ ಕನ್ನಡ. ಎತ್ತಿಗೆ ಅದೇನೂ ತಿಳಿತಿರಲಿಲ್ಲ.

ತಿಳಿಸಿದ್ದು ನಾಕಾ. ಆ ಕಾಲಕ್ಕ ಒಂದು ರಾಜ್ಯದ ಧಾನ್ಯ ಇನ್ನೊಂದಕ್ಕ ಒಯ್ಯಾಕ ಬಂಧನ ಇತ್ತು. ಒಂದು ವರ್ಷ ನಮ್ಮ ಬಂಡಿಯಾಗ ಎರಡು ಚೀಲ ಜ್ವಾಳ ಇತ್ತು. ಒಂದು ದೇವಿ ಹರಕಿದು, ಇನ್ನೊಂದು ಅವ್ವ ತವರಿಗೆ ಒಯ್ಯತಿದ್ದದ್ದು. ನಾಕಾದ ಸಾಹೇಬ ಇಳಸು ಅಂದ. ಅಪ್ಪ ಮೊದಲು ಮರಾಠಿಯಾಗ ಕೈಮುಗದ, ಆಮ್ಯಾಲೆ ಕನ್ನಡದಾಗ. ಮಧ್ಯಾಹ್ನತನ ಹದಿನಾಲ್ಕು ಬಂಡಿ ನಮ್ಮ ಸಲುವಾಗಿ ಬಿಸಲಾಗ ನಿಂತವು. ಕಡೀಕ ಹರಕಿ ಚೀಲ ಬಿಟ್ಟ, ತವರಿನ ಚೀಲ ಅಲ್ಲೇ ಉಳೀತು. ಅವ್ವ ಆ ಸಲ ತವರ ಮುಂದ ಬಂಡಿ ನಿಲ್ಲಸಾಕ ಕೊಡಲಿಲ್ಲ. ಬರಿಗೈಲೆ ಹ್ಯಾಂಗ ಇಳೀಲಿ ಅಂದಳು. ಅಣ್ಣತಮ್ಮಂದಿರು ಅಗಸಿತನ ಬಂದು ನಿಂತಿದ್ದರು, ಸವಾರಿ ಒಳಗಿಂದ ಅವರನ್ನ ನೋಡಿದಳು ಅಷ್ಟೇ.

ಮೂರನೇ ದಿನ ಕೃಷ್ಣಾ ಹೊಳಿ. ಮಾಘ ಮಾಸದಾಗ ನೀರು ಇಳದಿರತದ. ಒಣ ಹಾದಿಯಾಗ ಬಂದ ಗಾಲಿಯ ಕಟ್ಟಿಗಿ ಬತ್ತಿ ಹಳಿ ಸಡಲ ಆಗಿರತಿತ್ತು, ಅದಕ್ಕ ಬಂಡಿಯನ್ನ ಒಂದು ರಾತ್ರಿ ನೀರಾಗ ನಿಲ್ಲಸತಿದ್ದರು. ಮುಂಜಾನೆ ಕಟ್ಟಿಗಿ ನೀರು ಕುಡದು ಉಬ್ಬಿ ಹಳಿ ಬಿಗಿ. ಆಮ್ಯಾಲೆ ಒಂದೇ ಓಟ. ಚಿಂಚಲಿ ಬಯಲಿಗೆ ಸಾಂಗಲಿ, ಕೊಲ್ಹಾಪುರ, ಬಿಜಾಪುರ ಎಲ್ಲಾ ಕಡೆಯ ಬಂಡಿ. ಭಂಡಾರ ತೂರಿ ತೂರಿ ಎತ್ತು, ಮನುಷ್ಯಾ, ಧೂಳಿ ಎಲ್ಲಾ ಅರಿಷಿಣ. ಚಾಂಗಭಲೋ ಅನ್ನೂ ಕೂಗಿಗೆ ಮರಾಠಿ ಯಾವುದು ಕನ್ನಡ ಯಾವುದು ಅಂತ ಕೇಳೂ ಹಾಂಗಿಲ್ಲ.

ಬಂಡಿ ಪ್ರವಾಸ ಭಾಳ ಸುಖ ಇತ್ತು ಅಂತ ನಾನು ಹಾಡಿಕಿಯಾಗ ಹಾಡಿದೀನಿ. ಒಮ್ಮೆ ಅವ್ವ ಕೇಳಿ ನಕ್ಕಳು. ಎಂಟು ದಿನ ಮೂರು ಕಲ್ಲಿನ ಒಲಿ ಊದಿದ್ದು ಯಾರು, ಬಳ್ಳಿ ನೋವು ಯಾರದು ಅಂದಳು. ಬಸುರಿ ಹೆಣ್ಣಮಕ್ಕಳು ಆ ಕುಲಕಾಟದಾಗ ಹಲ್ಲು ಕಚ್ಚಿ ಕೂತಿರತಿದ್ದರು. ಹಾದ್ಯಾಗ ಕೂಸಿಗೆ ಜ್ವರ ಬಂದರ ದವಾಖಾನಿ ಇಲ್ಲ. ಆದರ ಅದೇ ಅವ್ವ, ವರ್ಷದಾಗ ಅತ್ತಿ ಕಣ್ಣು ತಪ್ಪಿ ಬಾಯಿ ತುಂಬ ನಕ್ಕದ್ದು ಅಂದರ ಆ ಎಂಟು ದಿನ ಅಂತಲೂ ಹೇಳತಿದ್ದಳು. ಎರಡೂ ಬರದೀನಿ.

1972ರ ಬರ ಬಂತು. ಬಾವಿ ತಳ ಕಂಡಿತು, ಕಣಕಿ ಮುಗೀತು. ಮಂದಿ ಎಲ್ಲಾ ಖಡಿ ಒಡಿಯೂ ಕೆಲಸಕ್ಕ ಹೋದರು, ಹದಿನೈದು ವರ್ಷದ ನಾನೂ ಹೋದೆ. ನಮ್ಮ ಎತ್ತು ಛಾವಣಿಗೆ ಹೊಡದಿವಿ. ಒಂದು ಅಲ್ಲೇ ಸತ್ತಿತು. ಇನ್ನೊಂದನ್ನ ಅಪ್ಪ ಸಂತಿಗೆ ಒಯ್ದು, ಸಿಕ್ಕಷ್ಟಕ್ಕ ಕೊಟ್ಟು, ಗೆಜ್ಜಿ ಸರ ಅಷ್ಟೇ ಕೈಯಾಗ ಹಿಡಕೊಂಡು ನಡಕೋತ ಬಂದ. ಆ ಹುಣ್ಣಿವಿಗೆ ನಮ್ಮೂರಿಂದ ಒಂದೂ ಬಂಡಿ ಹೊರಡಲಿಲ್ಲ. ಬರ ಹೋದ ಮ್ಯಾಲೆ ಎತ್ತು ಕೊಂಡವರು ಟಾಯರ ಗಾಡಿ ಮಾಡಿದರು, ಡನ್ಲಪ್ ಗಾಡಿ ಅಂತಿದ್ದಿವಿ. ಅದು ಕಬ್ಬು ಹೇರಾಕ. ಜಾತ್ರಿಗೆ ಕೆಂಪು ಎಸ್.ಟಿ. ಬಸ್ಸು, ಆಮ್ಯಾಲೆ ಟ್ರ್ಯಾಕ್ಟರ ಟ್ರ್ಯಾಲಿ. ಟ್ರ್ಯಾಲಿಗೂ ಬಿದಿರ ಬಾಗಿಸಿ ತಾಡಪತ್ರಿ ಕಟ್ಟತಾರ, ನೋಡಿದರ ಸವಾರಿಯ ಮೊಮ್ಮಗ. ಆದರ ಡ್ರಾಯವರ ಹಚ್ಚಿದ ಟೇಪಿನ ಸಪ್ಪಳದಾಗ ಯಾರೂ ಯಾರಿಗೂ ಸವಾಲ್ ಹಾಕೂದಿಲ್ಲ. ನನ್ನ ಜೋಡಿ ಹಿಮ್ಮೇಳಕ್ಕ ನಿಲ್ಲೂ ಮಂದಿ ಈಗ ಊರಾಗ ಇಬ್ಬರು.

ಮೊನ್ನೆ ಪಕ್ಕದೂರ ಬಡಿಗೇರನ್ನ ಕರಸಿ ಬಂಡಿ ತೋರಿಸಿದೆ. ಗಾಲಿಗೆ ಮೂರು ಅರ ಬದಲಿ ಮಾಡಬೇಕು, ಅಚ್ಚು ಚಲೋ ಅದ ಅಂದ. ಹಳಿ ಬಿಚ್ಚಿದರ ಮತ್ತ ಕಾಸಿ ಕೂಡಿಸೂ ಕಮ್ಮಾರ ಅಥಣಿ ಕಡೆ ಒಬ್ಬ ಇದ್ದಾನಂತ. ಹೊಲದ ಬದುವಿನ ಜಾಲಿ ಒಂದು ಕಡದು ನೆರಳಿಗೆ ಹಾಕೀನಿ, ಅದು ಒಣಗಾಕ ಒಂದು ಬ್ಯಾಸಗಿ ಬೇಕು. ಧಾಬಾದವರಿಗೆ ಇನ್ನೂ ಏನೂ ಹೇಳಿಲ್ಲ.