ಲಾಲ್‌ಬಾಗಿನ ಬ್ಯಾಡಗಿ

ಮುಂಬೈಯ ಲಾಲ್‌ಬಾಗಿನಲ್ಲಿ ಮಸಾಲೆಗೆಂದೇ ಒಂದು ಗಲ್ಲಿ ಇದೆ. ಏಪ್ರಿಲ್-ಮೇ ಬಂತೆಂದರೆ ಮರಾಠಿ ಹೆಂಗಸರು ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಕೊಂಡು ಅಲ್ಲೇ ಹುರಿಸಿ, ಕುಟ್ಟಿಸಿಕೊಂಡು ಹೋಗುತ್ತಾರೆ. ನಾವು ಸೀನುತ್ತಲೇ ದಾಟಬೇಕು. ಅವರು ಕೇಳುವ ಹೆಸರು ನೋಡಿ: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಒಂದು ಹಾವೇರಿ ಜಿಲ್ಲೆಯ ಊರು, ಇನ್ನೊಂದು ಬೆಳಗಾವಿಯದು.

ಹಾಗೆ ನೋಡಿದರೆ ಈ ಕಾಯಿಯೇ ಪರದೇಶಿ. ಅಮೆರಿಕದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದದ್ದು. ಅಲ್ಲಿಯವರೆಗೆ ಮೆಣಸು ಅಂದರೆ ಬಳ್ಳಿಯ ಕಾಳು. ಬಂದದ್ದು ಆ ಹೆಸರನ್ನೇ ಕಿತ್ತುಕೊಂಡಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಹಳೆಯದನ್ನು ಈಗಲೂ ‘ಒಳ್ಳೆಮೆಣಸು’ ಅನ್ನುತ್ತೇವೆ. ಹೊಸದರ ಮೇಲಿನ ಮುನಿಸು ಇನ್ನೂ ಇಳಿದಿಲ್ಲವೇನೋ!

1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಇಲ್ಲಿ ನಾವೆಲ್ಲ ‘ಮದ್ರಾಸಿ’ಗಳು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. 1969ರ ಫೆಬ್ರವರಿಯಲ್ಲಂತೂ ಬೆಳಗಾವಿ ಗಡಿಯ ಹೆಸರಿನಲ್ಲಿ ಊರೇ ಹೊತ್ತಿ ಉರಿಯಿತು. ಆದರೆ ಯಾರದಾದರೂ ಮನೆಯ ಮಸಾಲೆ ಡಬ್ಬಿಯಿಂದ ಸಂಕೇಶ್ವರಿಯನ್ನು ಹೊರಗೆ ಹಾಕಿದ ಸುದ್ದಿಯನ್ನು ನಾನು ಕೇಳಿಲ್ಲ.

ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದೊಂದು ಊರು, ರೈಲು ನಿಲ್ದಾಣವೂ ಇದೆ ಅಂತ ಗಲ್ಲಿಯ ಅಂಗಡಿಯವನಿಗೆ ಹೇಳಿದೆ. ತೂಗುತ್ತಿದ್ದ ಕೈ ನಿಲ್ಲಿಸಿ, “ಹೌದಾ? ನಾನು ಬಣ್ಣದ ಹೆಸರು ಅಂದ್ಕೊಂಡಿದ್ದೆ” ಅಂದ.